ಎರಡು ಪುಟ ಮೀರದಂತೆ

ಎಂಬತ್ತನೆಯ ವರ್ಷದ ಸ್ಮರಣ ಸಂಚಿಕೆಗೆ
ಶಾಖೆಯ ಚರಿತ್ರೆ ಬೇಕಂತೆ, ಎರಡು ಪುಟ ಮೀರದಂತೆ.
ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಕಂಡವರ ಲೆಕ್ಕ ತಾಳೆ ಹಾಕಿದವಳೆಂದು
ಕೆಲಸ ನನ್ನ ಕೊರಳಿಗೇ ಬಿತ್ತು.

ಕಬ್ಬಿಣದ ಕಪಾಟು. ನುಸಿಗುಳಿಗೆಯ ವಾಸನೆ.
ಕೆಂಪು ಬೈಂಡಿನ ನಡಾವಳಿ ಪುಸ್ತಕ ಹನ್ನೊಂದು,
ಒಂದರ ಬೆನ್ನು ಗೆದ್ದಲಿನ ಪಾಲು.
ಮೊದಲ ಪುಟ: ಮಾಟುಂಗಾ, ನಲವತ್ತಮೂರನೇ ಇಸವಿ,
ಚಾಳಿನ ಗಚ್ಚಿ, ಹಾಜರಿ ಒಂಬತ್ತು.
“ಹಪ್ಪಳ ಒಣಗಿಸುವ ಹೊತ್ತು ಬಿಟ್ಟು ಸಭೆ ಸೇರತಕ್ಕದ್ದು.”
ಇದು ಒಂದನೇ ಠರಾವು.
ದೇಶಸೇವೆ ಎರಡನೆಯದು.

ಹಾಜರಿ ಓದುತ್ತೇನೆ:
ಶ್ರೀಮತಿ ಕೆ. ವಿ. ನಾಡಕರ್ಣಿ, ಶ್ರೀಮತಿ ಪಿ. ಎಸ್. ಹಟ್ಟಂಗಡಿ,
ಶ್ರೀಮತಿ ಬಿ. ಟಿ. ಸಾಲಿಯಾನ್...
ಗಂಡಂದಿರ ಇನಿಷಿಯಲ್ಲುಗಳು ಸೆರಗು ಹೊದ್ದು
ಚಾಪೆಯ ಮೇಲೆ ಸಾಲಾಗಿ ಕೂತಿವೆ.
ಇವರು ತಮ್ಮ ಹೆಸರನ್ನು ಚಪ್ಪಲಿಯ ಜೊತೆ
ಮೆಟ್ಟಿಲಲ್ಲೇ ಬಿಟ್ಟು ಬಂದರೋ ಏನೋ.

ನಲವತ್ತನಾಲ್ಕು, ಏಪ್ರಿಲ್:
ಬಂದರಿನಲ್ಲಿ ಹಡಗು ಸಿಡಿದು ಊರೆಲ್ಲ ಹೊಗೆ.
ಹಳೆಯ ಸೀರೆ ಹರಿದು ಸುತ್ತಿದ ಪಟ್ಟಿ ನಾನೂರ ಹತ್ತು,
ಗಂಜಿ ಎರಡು ಹಂಡೆ. ಒಂದು ಹಂಡೆ ವಾಪಸು ಬಂದಿಲ್ಲ.

ನಲವತ್ತೇಳು, ಆಗಸ್ಟ್:
ಪೇಡೆ ಮೂರು ಸೇರು. ಆಮೇಲೆ ಚರ್ಚೆ.
ಸ್ವಾತಂತ್ರ್ಯ ಬಂತಲ್ಲ, ಇನ್ನು ಶಾಖೆ ಮುಚ್ಚೋಣವೇ?
ಖಜಾಂಚಿಯ ಉತ್ತರ:
“ಕೋಣೆಯ ಬಾಡಿಗೆ ಡಿಸೆಂಬರ್ ತನಕ ಕೊಟ್ಟಾಗಿದೆ.”
ಹೀಗೆ ಉಳಿಯಿತು ಶಾಖೆ.

ಅರವತ್ತೆರಡು.
ಹಿಮವೆಂದರೆ ಕಾರ್ಖಾನೆಯಿಂದ
ಮರದ ಹೊಟ್ಟು ಮೆತ್ತಿಕೊಂಡು ಬರುವ ಐಸಿನ ಗಡ್ಡೆ
ಎಂದಷ್ಟೇ ತಿಳಿದವರು
ಮುಂಬಯಿಯ ಬೆವರಿನಲ್ಲಿ ಕೂತು ಉಣ್ಣೆ ಹೆಣೆದರು.
ಕಡ್ಡಿ ಜಾರುತ್ತಿತ್ತು, ನೂಲು ಬೆರಳಿಗೆ ಅಂಟುತ್ತಿತ್ತು.
ಕಲಿಸಲು ಸಾಯನ್ ಕೋಳಿವಾಡದ ನಿರಾಶ್ರಿತರ ಬಿಡಾರದಿಂದ
ವಾರಕ್ಕೆ ಎರಡು ದಿನ ಬಂದವಳು ಸತವಂತ್ ಕೌರ್.
ಹನ್ನೊಂದು ಪುಸ್ತಕದಲ್ಲಿ ಅವಳದೊಂದೇ ಪೂರ್ತಿ ಹೆಸರು.
ಗಂಡನ ಇನಿಷಿಯಲ್ಲು
ಗಡಿಯ ಆಚೆ ಉಳಿದುಹೋಗಿತ್ತು.

ಸ್ವೆಟರು ನೂರ ಹದಿನೆಂಟು, ತೋಳು ಗಿಡ್ಡವಾದವು ಆರು.
ಜಮೆಗೂ ಖರ್ಚಿಗೂ ಕೂಡಿಸಿದರೆ
ಐದು ರೂಪಾಯಿ ತೊಂಬತ್ತು ಪೈಸೆ ಕಡಿಮೆ.
ಅರವತ್ತು ವರ್ಷ ಯಾರೂ ಕೇಳಿಲ್ಲ.
ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಲೋಕಲ್ ಹಿಡಿದು ಡೊಂಬಿವಲಿಗೆ ಹೋದೆ.
ವಾರಿಜಕ್ಕನಿಗೆ ತೊಂಬತ್ತನಾಲ್ಕು,
ತಾಯಿಯ ಹಿಂದೆ ಹಾಜರಿ ಪುಸ್ತಕ ಹೊತ್ತು
ಗಚ್ಚಿ ಹತ್ತಿದ ಹುಡುಗಿ.
ಲೆಕ್ಕ ಕೇಳಿದ್ದಕ್ಕೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು:
“ಕಾರ್ಡು ಮಾರಾಯ್ತಿ, ಅಂಚೆ ಕಾರ್ಡು!
ಒಂದಕ್ಕೆ ಐದು ಪೈಸೆ. ಸ್ವೆಟರಿಗೆ ಒಂದರಂತೆ ಒಳಗೆ ಮಡಚಿಟ್ಟೆವು.
ಉತ್ತರ ಬಂದರೆ ನಮಗೇ ಬರಲಿ ಅಂತ
ವಿಳಾಸಕ್ಕೆ ನಮ್ಮ ನಮ್ಮ ಹೆಸರೇ ಬರೆದದ್ದು.
ಅಧ್ಯಕ್ಷೆಗೆ ಹೇಳಿದ್ದರೆ ಒಪ್ಪುತ್ತಿದ್ದಳೇ?”

ಬಂತೇ ಉತ್ತರ?
“ಒಂದು. ಗುಲಾಬಿಗೆ.”
ಗುಲಾಬಿ, ಅಂದರೆ ಶ್ರೀಮತಿ ಬಿ. ಟಿ. ಸಾಲಿಯಾನ್,
ಅಕ್ಷರ ಬಾರದವಳು. ಅವಳ ಹೆಸರು ವಾರಿಜಕ್ಕ ಬರೆದದ್ದು.
ಕಾರ್ಡು ಗುರುಮುಖಿಯಲ್ಲಿತ್ತು,
ಸತವಂತ್ ಬರುವ ತನಕ ನಾಲ್ಕು ದಿನ
ಅದನ್ನು ಅಕ್ಕಿ ಡಬ್ಬದಲ್ಲಿ ಕಾದಿಟ್ಟರು.
“ತೋಳು ಗಿಡ್ಡ. ಬೆಚ್ಚಗಿದೆ.” ಅಷ್ಟೇ.
ಗುಲಾಬಿ ಮೂರು ಸಲ ಓದಿಸಿದಳಂತೆ.

ಒಂಬತ್ತರಲ್ಲಿ ಆರು ಹೆಸರು ವಾರಿಜಕ್ಕನಿಗೆ ನೆನಪಿದೆ.
ಚಂದ್ರಭಾಗಿ, ಗುಲಾಬಿ, ಅಹಲ್ಯಾ, ಮುಕ್ತಾ, ಕಮಲಾಕ್ಷಿ,
ತಾಯಿ ಸುನೀತಿ.
ಉಳಿದವರು: ಮೂರನೇ ಮಾಳಿಗೆಯವಳು,
ಕೆಮ್ಮಿನವಳು, ಚಂದ ನಗುತ್ತಿದ್ದವಳು.
ಹಾಗೆಯೇ ಬರೆದುಕೊಂಡೆ.

ಮನೆಗೆ ಬಂದು ಪೆನ್ಸಿಲಿನಲ್ಲಿ, ಅಂಚಿಗೆ:
ಅಂಚೆ ಕಾರ್ಡು ನೂರ ಹದಿನೆಂಟು, ಐದು ರೂಪಾಯಿ ತೊಂಬತ್ತು ಪೈಸೆ.
ತಾಳೆಯಾಯಿತು.

ಸಂಜೆ ಸಂಪಾದಕಿಯ ಫೋನು:
ಒಡವೆ ಅಂಗಡಿಯ ಜಾಹೀರಾತು ಬಂದಿದೆ,
ಒಂದು ಪುಟಕ್ಕೆ ಇಳಿಸುತ್ತೀರಾ?
ಅಧ್ಯಕ್ಷೆಯರ ಪಟ್ಟಿ ಹೊಡೆದುಹಾಕಿದೆ, ಪ್ರಶಸ್ತಿಗಳನ್ನು,
ಮಂತ್ರಿಗಳು ಬಂದುಹೋದ ತಾರೀಕುಗಳನ್ನು.
ಹೆಸರಿರಲಿ, ಕೆಮ್ಮಿರಲಿ, ವಾಪಸು ಬಾರದ ಹಂಡೆಯಿರಲಿ.
ಇನ್ನೂ ಒಂದು ಸಾಲಿಗೆ ಜಾಗವಿದೆ.
ಹಪ್ಪಳದ ಠರಾವನ್ನು ಹಾಕುತ್ತೇನೆ.