ಮಾಜಾಳಿ ಚೆಕ್‌ಪೋಸ್ಟ್

ಶ್ರೀನಗರದಲ್ಲಿ ಮೂರು ತಾಸು, ದಿಲ್ಲಿಯಲ್ಲಿ ಆರು,
ಗೋವಾದ ಮೇಲೆ ಇಳಿಯಲಾಗದೆ ಎರಡು ಸುತ್ತು.
ಬಾತ ಪಾದಕ್ಕೆ ನನ್ನದೇ ಚಪ್ಪಲಿಯ ಗುರುತಿಲ್ಲ.
ಉಲ್ಲಾಸ ಟ್ಯಾಕ್ಸಿ ಹತ್ತಿಯೂ
ಕಿಸೆಯಲ್ಲಿ ಬೋರ್ಡಿಂಗ್ ಪಾಸು ತಡಕುತ್ತಾನೆ.

ರಾತ್ರಿ ಎರಡೂವರೆ. ಮಾಜಾಳಿ.
ಅಬಕಾರಿಯವ ಟಾರ್ಚು ಬಿಟ್ಟ: "ಡಿಕ್ಕಿ ತೆಗೀರಿ."
ಸ್ವೆಟರುಗಳ ನಡುವೆ, ಕಾಲುಚೀಲದೊಳಗೆ
ಒಂದು ಬಾಟಲಿ. ಬಣ್ಣವಿಲ್ಲದ್ದು.
ಮುಚ್ಚಳ ತಿರುಗಿಸಿ ಮೂಸಿದ. ಮತ್ತೆ ಮೂಸಿದ.
"ಏನಿದು?"

ಕಣ್ಣು ಬಿಡದೆಯೇ ಶಾಂಭವಿ: "ಹಿಮ.
ಗುಲ್ಮಾರ್ಗದ್ದು. ಅಜ್ಜಿಗೆ."

ಅವನು ನಗಲಿಲ್ಲ.
ಮುಚ್ಚಳ ಬಿಗಿಮಾಡಿ, ಕಾಲುಚೀಲ ತೊಡಿಸಿ
ಮೊದಲಿದ್ದಲ್ಲೇ ಮಲಗಿಸಿದ.

ಆಮೇಲೆ ಕಾಳಿ ಸೇತುವೆ. ಗಾಜು ಇಳಿಸಿದೆ.
ಉಪ್ಪು, ಕೆಸರು, ಒಣಮೀನು.
ವಿಮಾನದಲ್ಲಿ ಕಟ್ಟಿದ ಬಲಗಿವಿ
ಆಗ ಟಪ್ಪೆಂದು ಬಿಟ್ಟಿತು.
ಕೆಳಗೆ ನೀರು
ಅಷ್ಟೊತ್ತೂ ಮಾತಾಡುತ್ತಲೇ ಇತ್ತೇನೋ.