ಹದಿನಾಲ್ಕನೆಯ ಬಿಂದು

ದಾವಣಗೆರೆಯಲ್ಲಿ, ಅದೂ ಮಂಡಕ್ಕಿ ಭಟ್ಟಿಗಳ ಹಿಂದೆ,
ಕಿಟಕಿ ತೆರೆದು ಗಣಿತ ಮಾಡಬಾರದು.
ಹೊಟ್ಟಿನ ಮಸಿ ಹಾರಿಬಂದು
ಹಾಳೆಯಲ್ಲೊಂದು ಬಿಂದುವಾಗಿ ಕೂರುತ್ತದೆ;
ಊದಬೇಕು.

ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದೆ,
ಇಂಥ ಜಾಲಗಳಿಗೆ ನಾಲ್ಕು ಬಣ್ಣ ಸಾಕೆಂದು.
ಹನ್ನೆರಡು ಬಿಂದುವಿನವರೆಗೆ ಕಂಪ್ಯೂಟರಿಗೆ ಕೊಟ್ಟು ನೋಡಿದ್ದೆ,
ಮುಂದಿನದನ್ನು ನಂಬಿದ್ದೆ.
ಮೂರು ಪ್ರಬಂಧ, ಒಂದು ಬಡ್ತಿ.

ಮೊನ್ನೆ ಹರಿಹರದ ಬಸ್ಸಿಳಿದು ಬಂದ ಷಂಶಾದ್
ಹಾಜರಿ ಪುಸ್ತಕದ ರಟ್ಟಿನ ಮೇಲೆ ಹದಿಮೂರು ಚುಕ್ಕೆಯಿಟ್ಟು
ಸೊಟ್ಟಸೊಟ್ಟ ಗೆರೆ ಎಳೆದಳು.
"ಮೇಡಂ, ಇದಕ್ಕೆ ಐದು ಬೇಕಾಗ್ತವಲ್ರೀ?"

ರಾತ್ರಿಯಿಡೀ ಬಳಿದೆ, ಅಳಿಸಿದೆ.
ಬೇಕಾಗ್ತವೆ.

ನಸುಕಿಗೇ ಭಟ್ಟಿ ಹೊತ್ತಿಸಿದರು.
ಅವಳ ಹದಿಮೂರರ ಪಕ್ಕ
ಮಸಿಯೊಂದು ಬಂದು ಕೂತಿತು.
ಊದಲಿಲ್ಲ.
ಪೆನ್ಸಿಲು ಚೂಪು ಮಾಡಿ
ಅದರಿಂದಲೂ ಒಂದು ಗೆರೆ ಎಳೆದೆ.