ಮೂರು ವಾರದ ಎರವಲು

ಮಂಗಳವಾರ ಹನ್ನೊಂದೂಕಾಲಕ್ಕೆ ನನ್ನ ಪುಸ್ತಕದ ವ್ಯಾನು
ಲೂಯಿಸ್ ದ್ವೀಪದ ಬಡಗಣ ತುದಿಯಲ್ಲಿ ನಿಲ್ಲುತ್ತದೆ.
ಅಲ್ಲಿಂದಾಚೆ ರಸ್ತೆಯಿಲ್ಲ, ಬರೀ ಕಡಲು.
ಬಾಗಿಲು ಗಾಳಿಗೆ ಕಿತ್ತುಹೋಗದಂತೆ
ಹೊರಗಿನಿಂದ ಒಬ್ಬರು ಹಿಡಿದುಕೊಳ್ಳಬೇಕು.

ಅವತ್ತು ಹಿಡಿದವರು ಟಾರ್ಕ್ವಿಲ್ ಮರ್ರೆ, ಚರ್ಚಿನ ಹಿರಿಯರು.
ಭಾನುವಾರ ಹಗ್ಗದ ಮೇಲೆ ಒದ್ದೆ ಕಾಲುಚೀಲ ಕಂಡರೂ
ಮುಖ ತಿರುಗಿಸುವವರು.
ಕಂಕುಳಲ್ಲಿ ಪತ್ರಿಕೆ ಸುತ್ತಿದ ಪೊಟ್ಟಣ,
ಮೀನು ಸುತ್ತುತ್ತಾರಲ್ಲ, ಹಾಗೆ.

‘ಇದನ್ನು ಮಗುವಿಗೆ ಕೊಟ್ಟವಳು ನೀನೇ ಏನು, ಮರ್ಡೀನಾ?’
ನಾನೇ.
ಕಥೆ ಇಷ್ಟು: ಇಳಿತ ಬಿಟ್ಟುಹೋದ ಬಂಡೆಗುಳಿಯಲ್ಲಿ
ಹುಡುಗಿಯೊಬ್ಬಳಿಗೆ ಹೆಬ್ಬೆಟ್ಟಿನಷ್ಟು ದೇವರು ಸಿಗುತ್ತಾನೆ.
ಹಿಂದೆ ಇಡೀ ಕಡಲು ಅವನೇ. ಈಗ ತನ್ನ ಹೆಸರೂ ನೆನಪಿಲ್ಲ.
ಅವಳು ಚಮಚದಲ್ಲಿ ಓಟ್ಸ್ ಗಂಜಿ ಕುಡಿಸುತ್ತಾಳೆ, ಅವನು ಬೆಳೆಯುತ್ತಾನೆ,
ಅಡುಗೆಮನೆಗೆ ಉಪ್ಪುನೀರು ನುಗ್ಗುತ್ತದೆ.

‘ಸಣ್ಣಕ್ಷರದ ದೇವರು,’ ಅಂದೆ, ‘ನೋಡಿ, ಎಲ್ಲ ಪುಟದಲ್ಲೂ.’
‘ಗಟ್ಟಿಯಾಗಿ ಓದಿದರೆ ಎರಡೂ ಒಂದೇ ಥರ ಕೇಳುತ್ತದೆ,’ ಅಂದರು.
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಕೋಟಿನ ಹಿಂದಿನಿಂದ ಮೊಮ್ಮಗಳು ಕೆನೀನಾ, ಒಂಬತ್ತು ವರ್ಷ:
‘ಅಜ್ಜಾ, ಅದು ನಮ್ಮ ದೇವರಲ್ಲ. ಅದಕ್ಕೆ ಹಸಿವಾಗುತ್ತೆ.’
‘ನಮ್ಮವನೂ ಹಸಿದಿದ್ದ. ಅಡವಿಯಲ್ಲಿ, ನಲವತ್ತು ದಿನ.’
‘ಮತ್ತೆ, ಗಂಜಿ ಯಾರು ಕೊಟ್ಟರು?’
ಬಾಗಿಲು ಅವರ ಕೈತಪ್ಪಿ ಒಮ್ಮೆ ಬಡಿದುಕೊಂಡಿತು.

ದೂರಿನ ಫಾರಂ ಕೊಟ್ಟೆ. ಸ್ಟಾರ್ನವೇ ಕಚೇರಿಯವರು
ಇಂಥದ್ದಕ್ಕೆಂದೇ ನೀಲಿ ಕಾಗದದಲ್ಲಿ ಅಚ್ಚು ಹಾಕಿಸಿದ್ದಾರೆ.
ಮೊದಲ ಪ್ರಶ್ನೆ: ಪುಸ್ತಕವನ್ನು ಪೂರ್ತಿ ಓದಿದ್ದೀರಾ?
ಸುಳ್ಳು ಬರೆಯುವ ಮನುಷ್ಯನಲ್ಲ.
ಪೆನ್ಸಿಲ್ಲು ಕಾಗದಕ್ಕೆ ತಾಗದೆ ನಿಂತಿತು.
ಆಮೇಲೆ, ‘ಕಾರ್ಡು ಮಾಡಿಕೊಡು,’ ಅಂದರು.
ಎಪ್ಪತ್ತಾರನೆಯ ವಯಸ್ಸಿಗೆ ಮೊದಲ ಕಾರ್ಡು.
ಉದ್ಯೋಗ? ಮೀನುಗಾರ. ಸ್ವಲ್ಪ ಜಾಗ ಬಿಟ್ಟು: ಆಗ.
ಮುದ್ರೆ ಒತ್ತಿದೆ.

ಮೂರು ವಾರ ಕಳೆದು, ಅದೇ ಗಾಳಿ, ಅದೇ ಕೈ.
ಫಾರಂ ತುಂಬ ಬರೆದಿದ್ದರು,
ಹಲಗೆಗೆ ಮೊಳೆ ಹೊಡೆದ ಹಾಗಿನ ಅಕ್ಷರ.
ಪುಟ ಮೂವತ್ತೊಂದು: ಈ ಗಂಟಿಗೆ ದೋಣಿ ನಿಲ್ಲುವುದಿಲ್ಲ.
ಪುಟ ಐವತ್ತೆಂಟು: ಬಡಗಣ ಗಾಳಿಯಲ್ಲಿ ಆ ಕೊಲ್ಲಿಗೆ
ಯಾರೂ ದೋಣಿ ತಿರುಗಿಸುವುದಿಲ್ಲ, ಹುಚ್ಚರೂ.
ಪುಟ ನೂರಹನ್ನೆರಡು:

ಆ ಪುಟ ನನಗೆ ಬಾಯಿಪಾಠ. ಬೆಳೆದು ನಿಂತ ದೇವರು
ನೀರು ತೊಟ್ಟಿಕ್ಕುತ್ತಾ ಹುಡುಗಿಯ ಅಜ್ಜಿಯೆದುರು ಬರುತ್ತಾನೆ.
ಅವಳ ಗಂಡನನ್ನು ಒಯ್ದ ಕಡಲು ಅವನೇ.
ತಲೆ ತೊಲೆಗೆ ತಾಗುತ್ತದೆ.
‘ತಪ್ಪಾಯಿತು,’ ಅನ್ನುತ್ತಾನೆ.
ಅಜ್ಜಿ ಕುರ್ಚಿ ಎಳೆದು ಕೊಡುತ್ತಾಳೆ.

ಫಾರಂನಲ್ಲಿ ಆ ಪುಟದ ಮುಂದೆ ಏನೂ ಇಲ್ಲ.
‘ಇದನ್ನು ತೆಗೆಸಬೇಕು,’ ಅಂದರು, ನನ್ನನ್ನು ನೋಡದೆ.
‘ಸೈತಾನನ ಮಾತಲ್ಲ. ವಿಗ್ರಹದ ಮಾತೂ ಅಲ್ಲ.
ಮಗು ನಂಬಿಬಿಡುತ್ತದೆ.
ನಂಬಿ, ಬಂದು ಹೇಳಲಿ ಅಂತ ಕಾಯುತ್ತಾ ಕೂರುತ್ತದೆ.’

ಎಪ್ಪತ್ತೊಂದರ ಮಾರ್ಚಿಯಲ್ಲಿ ದೋಣಿಯೇರಿದ
ಮರ್ರೆ ಅಣ್ಣತಮ್ಮಂದಿರು ಮೂವರು.
ಬಾಗಿಲು ಹಿಡಿದು ನಿಂತವರು ಒಬ್ಬರು.

ಫಾರಂ ಇನ್ನೂ ಕಳಿಸಿಲ್ಲ. ಡೀಸೆಲ್ ರಸೀದಿಗಳ ಕೆಳಗಿದೆ.
ಪ್ರಕಾಶಕರು ಮುಂದಿನ ಮುದ್ರಣದಲ್ಲಿ ‘ದೇವರು’ ತೆಗೆದು
‘ಕಡಲ ಕಾವಲಿಗ’ ಎಂದು ಹಾಕುತ್ತಾರಂತೆ,
ಯಾರಿಗೂ ನೋವಾಗದಿರಲೆಂದು.
ಕಾವಲಿಗ ಬಂದು ತಪ್ಪಾಯಿತು ಅಂದರೆ
ಕುರ್ಚಿ ಕೊಡಲು ಯಾವ ಅಜ್ಜಿ ಎದ್ದಾಳು?

ಕೆನೀನಾ ಅದೇ ಪುಸ್ತಕವನ್ನು ಮತ್ತೆ ತೆಗೆದುಕೊಂಡಳು.
ಮೂವತ್ತೊಂದನೆಯ ಪುಟದಲ್ಲಿ ಗೇಣುದ್ದದ ಹುರಿ ಸಿಕ್ಕಿತು,
ನಡುವೆ ಒಂದು ಗಂಟು, ಸರಿಯಾದದ್ದು.
ಉಗುರಿನಿಂದ ಕೆದಕಿದಳು, ಹಲ್ಲಿನಿಂದ ಎಳೆದಳು.
ನಾನು ವ್ಯಾನು ತಿರುಗಿಸುವಾಗ
ಬೇಲಿಗೊರಗಿ ಇನ್ನೂ ಬಿಚ್ಚುತ್ತಲೇ ಇದ್ದಳು.